ಫುಟ್‌ಬಾಲ್ ಅಂಗಳದಲ್ಲಿ ಪ್ರಾಸಬದ್ಧ ದಾಳಿ

ಫುಟ್‌ಬಾಲ್ ಲೋಕದ ಸಮಸ್ತ ಮಹಾಜನರಲ್ಲಿ ಅರಿಕೆ. ಬೆಟಗೇರಿಯ ನಮ್ಮ ಓಣಿ ತಂಡಕ್ಕೆ ಹೇಗೆ ದಾಳಿ ಮಾಡಬೇಕೆಂದು ಗೆರೆಯಾಚೆ ನಿಂತು ಕೂಗುವ ವಿದ್ಯೆ ಕಲಿಯುತ್ತಿದ್ದೇನೆ. ಕೂಗುವುದು ಪ್ರಾಸದಲ್ಲೇ. ನಾನು ಹೇಳದೆ ಯಾರೂ ಒದೆಯುವಂತಿಲ್ಲ.

ಇಂದು ಲಕ್ಷ್ಮೇಶ್ವರದವರ ಮೇಲೆ ಒಂದು ಗೋಲು ಹೊಡೆದಿದ್ದರೆ ಫೈನಲ್. ಕೊನೆಯ ನಿಮಿಷ, ನಮ್ಮ ಹುಡುಗ ದಾವಲನ ಕಾಲಲ್ಲಿ ಚೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ.

“ಎಡಕ್ಕ ಬಾಗು, ಬಲಕ್ಕ ಸಾಗು, ಗೋಲಿನ ಮುಂದ ಗಪ್ಪನ ಹೋಗು...”

ಹೋದವನು ಅಲ್ಲೇ ನಿಂತ. ಅವರು ಚೆಂಡು ಕಸಿದು ಓಡಿ ನಮಗೇ ಗೋಲು ಹೊಡೆದರು.

“ಯಾಕ ನಿಂತ್ಯೋ ಲೇ?”

“ಒದಿ ಅಂತ ನೀವು ಅನ್ಲೇ ಇಲ್ರಿ ಸರ. ಕಡೀ ಸಾಲು ಬರ್ಲಿ ಅಂತ ನಿಂತ್ನಿರಿ.”

“ಸ್ವಂತ ಬುದ್ಧಿ ಬ್ಯಾಡೇನು?” ಎಂದು ಎಲ್ಲರೆದುರು ಬೈದೆ.

ಆ ಕೊನೆಯ ಸಾಲಿಗೆ ಪ್ರಾಸ ನನಗಿನ್ನೂ ಹೊಳೆದಿಲ್ಲ.