ಮಾಸ್ಟರಮ್ಮನ ಹೆಬ್ಬೆರಳು

ಆ ಬೀದಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವವರು ನಾಲ್ಕು ಜನ ಇದ್ದರೂ ಮಾಸ್ಟರಮ್ಮ ಅಂದರೆ ಒಬ್ಬರೇ. ಕಿಟಕಿಯ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿಯುವವಳು ಅವರ ನಾದಿನಿ. ಸೊಂಟದೆತ್ತರದ ಮರದ ಮೇಜಿನ ಮುಂದೆ ನಿಂತು ಕತ್ತರಿಸುವವರು ಮಾಸ್ಟರಮ್ಮ. ಮೂವತ್ತೊಂದು ವರ್ಷದಿಂದ ಈ ಗಡಿಯನ್ನು ಇಬ್ಬರೂ ದಾಟಿಲ್ಲ. ನಾದಿನಿಯ ಕೈಗೆ ಕತ್ತರಿ ಕೊಟ್ಟರೆ ಒಂದೇ ಅಂಗಿಗೆ ಎರಡು ಬಲತೋಳು ಬರುತ್ತವೆ ಎಂದು ಮಾಸ್ಟರಮ್ಮ ಹೇಳುತ್ತಾರೆ. ಅತ್ತಿಗೆಯನ್ನು ಮಿಷನ್ನಿಗೆ ಕೂರಿಸಿದರೆ ಹೊಲಿಗೆ ದಾರಿ ತಪ್ಪಿ ಪಕ್ಕದ ಬೀದಿಗೆ ಹೋಗುತ್ತದೆ ಎಂದು ನಾದಿನಿ ಹೇಳುತ್ತಾಳೆ. ಇಬ್ಬರ ಮಾತೂ ನಿಜ.

ಕೋಟಿನ ಬಟ್ಟೆಯನ್ನು ಎರಡು ಪದರ ಮಡಚಿ ಆ ದೊಡ್ಡ ಕತ್ತರಿಯನ್ನು ಓಡಿಸುವಾಗ ಭಾರವೆಲ್ಲ ಬೀಳುವುದು ಹೆಬ್ಬೆರಳಿನ ಬುಡದ ಮೇಲೆ. ಮಾಸ್ಟರಮ್ಮನಿಗೆ ಐವತ್ತೆಂಟು ತುಂಬಿದ ವರ್ಷ ಆ ಬುಡ ಕೈಕೊಟ್ಟಿತು. ಮೊದಮೊದಲು ಬೆಳಗ್ಗೆ ಮಾತ್ರ ನೋವು ಬರುತ್ತಿತ್ತು, ಆಮೇಲೆ ಬಂದ ನೋವು ಹೋಗುವುದನ್ನೇ ಮರೆಯಿತು. ಅಂಗಡಿಯ ಬೀಗಕ್ಕೆ ಕೀಲಿ ಹಾಕಿ ತಿರುಗಿಸುವಾಗ ಕಣ್ಣಲ್ಲಿ ನೀರು ಬಂದರೆ ಮಾಸ್ಟರಮ್ಮ ಬೀದಿಯ ಧೂಳನ್ನು ಬೈಯುತ್ತಿದ್ದರು.

ಕೊನೆಗೆ ಗಂಡನೇ ಅವರನ್ನು ಕೈ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಂಡ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು, ಈಗಲೂ ಬೀದಿಗೆಲ್ಲ ಕಂಡಕ್ಟರೇ. ಡಾಕ್ಟರು ಎಕ್ಸ್-ರೇ ಎತ್ತಿ ಹಿಡಿದು ತೋರಿಸಿದರು.

"ಇಲ್ಲಿ ನೋಡಿ, ಮೂಳೆಗೆ ಮೂಳೆ ಉಜ್ಜುತ್ತಾ ಇದೆ. ಸಂಧಿವಾತ. ಮಾತ್ರೆ, ಪಟ್ಟಿ, ಇಂಜೆಕ್ಷನ್ನು ಎಲ್ಲಾ ಸ್ವಲ್ಪ ದಿನ ತಳ್ಳುತ್ತೆ. ಆಮೇಲೆ ಆಪರೇಷನ್ನೇ."

"ಯಾವಾಗ ಮಾಡಿಸ್ಕೋಬೇಕು?"

"ಅದನ್ನ ಎಕ್ಸ್-ರೇ ಹೇಳಲ್ಲಮ್ಮ, ನೀವು ಹೇಳ್ಬೇಕು. ಮಾಡಿಸಿಕೊಂಡ್ರೆ ಆರು ವಾರ ಕೈಗೆ ಕಟ್ಟು, ಮತ್ತೆ ಹಿಡಿತ ಬರೋಕೆ ಐದಾರು ತಿಂಗಳು. ಹಾಗಂತ ತುಂಬಾ ತಡ ಮಾಡಿದ್ರೆ ಹೆಬ್ಬೆರಳು ಒಳಗೆ ಮಡಚಿಕೊಂಡುಬಿಡುತ್ತೆ. ಆಮೇಲೆ ಕತ್ತರಿ ಹಿಡಿಯೋ ಹಿಡಿತ ಪೂರ್ತಿ ಬರೋದು ಕಷ್ಟ."

ಕತ್ತರಿ ಎಂಬ ಮಾತು ಕೇಳಿದ್ದೇ ಮಾಸ್ಟರಮ್ಮ ಲೆಕ್ಕ ಹಾಕಿದರು. ಮಾಡಿಸಿಕೊಂಡರೆ ಅರ್ಧ ವರ್ಷ ಮೇಜು ಖಾಲಿ, ಮಾಡಿಸದಿದ್ದರೆ ಎಂದೆಂದಿಗೂ ಖಾಲಿ. ಅತ್ತ ದರಿ, ಇತ್ತ ಪುಲಿ. ಸದ್ಯಕ್ಕೆ ಶಾಲೆಗಳ ಯೂನಿಫಾರಂ ಸೀಸನ್ ಮುಗಿಯಲಿ ಎಂದರು. ಅದಾದ ಮೇಲೆ ಮದುವೆಗಳ ಸೀಸನ್ ಮುಗಿಯಲಿ ಎಂದೂ ಸೇರಿಸಿದರು.

ಡಾಕ್ಟರು ಇಂಥವರನ್ನು ಬಹಳ ನೋಡಿದ್ದರು. "ಒಂದು ಪುಸ್ತಕ ಇಡಿ. ಯಾವ ಕೆಲಸ ಮಾಡೋಕೆ ಆಗಲ್ಲವೋ ಅದನ್ನ ವಾರಕ್ಕೊಂದು ಸಲ ಬರೀರಿ. ಪಟ್ಟಿ ಬೆಳೀತಾ ಹೋದ್ರೆ ದಿನ ಗೊತ್ತು ಮಾಡೋಣ," ಎಂದರು.

ಮೊದಲ ತಿಂಗಳು ಪುಸ್ತಕದಲ್ಲಿ ಹನ್ನೊಂದು ಸಾಲು ಬಿದ್ದವು. ಡಬ್ಬಿಯ ಮುಚ್ಚಳ, ಬಚ್ಚಲಿನ ನಲ್ಲಿ, ಅಂಗಡಿಯ ಬೀಗ, ಕೋಟಿನ ಬಟ್ಟೆ, ಒದ್ದೆ ಬಟ್ಟೆ ಹಿಂಡುವುದು, ಹೀಗೆ. ಬರೆದ ಪುಸ್ತಕವನ್ನು ಫ್ರಿಜ್ಜಿನ ಮೇಲೆ ಇಡುತ್ತಿದ್ದರು. ಮೂರು ತಿಂಗಳಾಗುವ ಹೊತ್ತಿಗೆ ಹನ್ನೊಂದು ಹೋಗಿ ಐದಾಯಿತು, ಆರು ತಿಂಗಳಿಗೆ ಎರಡಾಯಿತು. ಮಾಸ್ಟರಮ್ಮ ಇದನ್ನು ಬಿಸಿನೀರಿನ ಮಹಿಮೆ ಎಂದು ತೀರ್ಮಾನಿಸಿದರು. ದಿನಾ ಹತ್ತು ನಿಮಿಷ ಕೈಯನ್ನು ಬಿಸಿನೀರಲ್ಲಿ ಅದ್ದಿ ಕೂರುತ್ತಿದ್ದರಲ್ಲ, ಅದೇ. ಎದುರಿನ ಪಾತ್ರೆ ಅಂಗಡಿಯವನ ಮಂಡಿನೋವಿಗೂ ಅದನ್ನೇ ಹೇಳಿದರು. ಅವನು ಮಂಡಿಯವರೆಗೆ ಅದ್ದಲು ತನ್ನ ಅಂಗಡಿಯದೇ ಒಂದು ದೊಡ್ಡ ಪಾತ್ರೆ ತೆಗೆದಿಟ್ಟುಕೊಂಡ.

ಡಾಕ್ಟರು ಕೈಯನ್ನು ಒತ್ತಿ ನೋಡಿದರು, ಪುಸ್ತಕ ನೋಡಿದರು, ಮತ್ತೆ ಕೈ ನೋಡಿದರು. "ಕೈ ನೋಡಿದ್ರೆ ಕೆಟ್ಟಿದೆ. ಪುಸ್ತಕ ನೋಡಿದ್ರೆ ವಾಸಿಯಾಗಿದೆ. ಎರಡು ತಿಂಗಳು ಬಿಟ್ಟು ಬನ್ನಿ," ಎಂದರು.

ಆ ಎರಡು ತಿಂಗಳು ಮುಗಿಯುವ ಮುಂಚಿನ ಭಾನುವಾರ ಕಂಡಕ್ಟರು ಕ್ಷೌರಕ್ಕೆ ಹೋಗಿದ್ದರು. ಮಾಸ್ಟರಮ್ಮ ಸಕ್ಕರೆಯ ಗಾಜಿನ ಡಬ್ಬಿಯನ್ನು ಮುಚ್ಚಳ ಹಿಡಿದು ಎತ್ತಿದರು. ಮುಚ್ಚಳ ಕೈಗೆ ಬಂತು, ಡಬ್ಬಿ ನೆಲಕ್ಕೆ ಹೋಯಿತು. ಯಾರಪ್ಪ ಇದನ್ನು ಸರಿಯಾಗಿ ಮುಚ್ಚದವರು ಎಂದು ಮೊದಲು ಸಿಟ್ಟು ಬಂತು. ಗಾಜು ಗುಡಿಸಿದ ಮೇಲೆ ಯಾಕೋ ಟೀಪುಡಿಯ ಡಬ್ಬಿ ಮುಟ್ಟಿ ನೋಡಿದರು. ಅದೂ ಸಡಿಲ. ಎಣ್ಣೆಯ ಬಾಟಲಿ, ಉಪ್ಪಿನ ಡಬ್ಬಿ, ಕೆಮ್ಮಿನ ಔಷಧಿ, ಶೂ ಪಾಲಿಶ್, ಒಂದೂ ಗಟ್ಟಿಯಿಲ್ಲ. ಬಚ್ಚಲಿಗೆ ಹೋದರು. ವಾಷರ್ ಹೋಗಿತ್ತು ಅಂತ ಗಂಡ ಹೊಸ ನಲ್ಲಿ ಹಾಕಿಸಿದ್ದರು. ಅದು ತಿರುಗಿಸುವ ನಲ್ಲಿಯಲ್ಲ, ಮೊಣಕೈಯಿಂದ ತಳ್ಳಿದರೂ ಸಾಕು. ಮಾಸ್ಟರಮ್ಮ ಮೊಣಕೈಯಿಂದ ತಳ್ಳಿ ನೋಡಿದರು. ನೀರು ಬಂತು.

ಕಂಡಕ್ಟರು ಬಂದಾಗ ಮೇಜಿನ ಮೇಲೆ ಹದಿನೇಳು ಡಬ್ಬಿ, ಬಾಟಲಿ ಸಾಲಾಗಿ ನಿಂತಿದ್ದವು.

"ಮನೇಲಿ ಒಂದು ಮುಚ್ಚಳಾನೂ ಗಟ್ಟಿ ಇಲ್ಲ," ಎಂದರು ಮಾಸ್ಟರಮ್ಮ.

"ಹ್ಞೂಂ."

"ಇರುವೆ ಬರಲ್ವೇನ್ರೀ?"

"ಬರ್ತವೆ. ಒರೆಸ್ತೀನಿ."

"ಯಾವಾಗಿಂದ?"

"ನೀನು ಪುಸ್ತಕದಲ್ಲಿ ಬರೆದ ಮಾರನೇ ದಿನದಿಂದ. ಡಿಪೋದಲ್ಲಿ ಡ್ರೈವರು ಹಾರ್ನು ಕೆಟ್ಟಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟು ಹೋಗ್ತಿದ್ದ. ಬೆಳಗ್ಗೆ ಅಷ್ಟೊತ್ತಿಗೆ ಮೆಕ್ಯಾನಿಕ್ಕು ಸರಿ ಮಾಡಿರ್ತಿದ್ದ. ನೀನೂ ಅದಕ್ಕೇ ಬರೀತಿದೀಯ ಅಂದ್ಕೊಂಡೆ."

"ಅದು ಆಪರೇಷನ್ ಯಾವಾಗ ಅಂತ ಅಳೆಯೋ ಪುಸ್ತಕ ಕಣ್ರೀ!"

ಕಂಡಕ್ಟರು ಕುರ್ಚಿಯ ಮೇಲೆ ಕೂತರು. ಹದಿನೇಳು ಡಬ್ಬಿಗಳನ್ನೂ ಒಂದೊಂದಾಗಿ ನೋಡಿದರು. "ಫ್ರಿಜ್ಜಿನ ಮೇಲೆ ಇಟ್ಟಿದ್ದೆಯಲ್ಲ," ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಸೋಮವಾರ ಅಂಗಡಿಯಲ್ಲಿ ಮಾಸ್ಟರಮ್ಮ ನಾದಿನಿಯ ಮುಂದೆ ನಿಂತು, "ಎಂಟು ತಿಂಗಳಿಂದ ಒಂದು ಕೋಟೂ ಬಂದಿಲ್ಲ ಯಾಕೆ?" ಎಂದು ಕೇಳಿದರು. ಜನ ಕೋಟು ಹಾಕುವುದನ್ನೇ ಬಿಟ್ಟಿದ್ದಾರೆ ಎಂದು ಅವರು ಅಷ್ಟು ದಿನ ನಂಬಿದ್ದರು. ನಾದಿನಿ ಮಿಷನ್ ನಿಲ್ಲಿಸಲಿಲ್ಲ.

"ಬಂದಿದ್ವು ಅತ್ತಿಗೆ. ಹದಿನಾಲ್ಕು. ಮಾಸ್ಟರಮ್ಮ ಕೋಟು ಬಿಟ್ಟಿದ್ದಾರೆ ಅಂತ ಕಳಿಸ್ದೆ. ಅಣ್ಣ ಪುಸ್ತಕ ತೋರಿಸಿದ್ದ."

"ಬೀಗ?"

"ನೀವು ಬರೋ ಮುಂಚೆ ನಾನೇ ತೆಗೆದು, ಸುಮ್ನೆ ಸಿಕ್ಕಿಸಿ ಇಡ್ತೀನಿ."

ಮಾಸ್ಟರಮ್ಮನಿಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಎಂಟು ತಿಂಗಳು ತನ್ನ ಕೈ ಗಟ್ಟಿಯಿದೆ ಎಂದು ಬೀಗಿದ್ದೇ ಬೀಗಿದ್ದು, ಊರಿಗೆಲ್ಲ ಬಿಸಿನೀರು ಹಂಚಿದ್ದೇ ಹಂಚಿದ್ದು. ಮೇಜಿನ ಮೇಲೆ ಅಂಗೈ ಊರಿ ಹೆಬ್ಬೆರಳನ್ನು ಹೊರಗೆ ಚಾಚಲು ನೋಡಿದರು. ಮೊದಲು ಬರುತ್ತಿದ್ದಷ್ಟು ದೂರ ಅದು ಬರಲಿಲ್ಲ. ಆಗ ಅವರಿಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೇ ದಿನವೇ ಗಂಡನನ್ನು ಹೊರಡಿಸಿಕೊಂಡು ಡಾಕ್ಟರ ಹತ್ತಿರ ಹೋದರು. ಡಾಕ್ಟರು ಪುಸ್ತಕಕ್ಕೆ ಕೈ ಚಾಚಿದರು.

"ಅದು ಬೇಡ, ಅದು ಬರೀ ಸುಳ್ಳು. ನನ್ನ ಕೈಲಿ ಏನೇನು ಆಗಲ್ಲ ಅನ್ನೋದು ನನಗೇ ಗೊತ್ತಿಲ್ಲ. ಇವರನ್ನ ಕೇಳಿ," ಎಂದರು ಮಾಸ್ಟರಮ್ಮ.

ಕಂಡಕ್ಟರು ಎದ್ದು ನಿಂತು, ಬರುವ ಸ್ಟಾಪುಗಳನ್ನು ಕೂಗುವ ದನಿಯಲ್ಲಿ ಶುರುಮಾಡಿದರು. ಮುಚ್ಚಳ. ನಲ್ಲಿ. ಹಾಲಿನ ಪ್ಯಾಕೆಟ್ಟು. ಕೊಡೆ ಬಿಡಿಸೋದು. ದಿಂಬಿನ ಗವಸು. ಮಾತ್ರೆಯ ಹಾಳೆಯಿಂದ ಮಾತ್ರೆ ಒತ್ತಿ ತೆಗೆಯೋದು. ಡಾಕ್ಟರು ಬರೆಯುತ್ತಾ ಹೋದರು, ಪುಟ ತಿರುಗಿಸಿದರು. ಮಾಸ್ಟರಮ್ಮ ಪ್ರತಿಯೊಂದಕ್ಕೂ ತಲೆಯೆತ್ತಿ ಗಂಡನ ಮುಖ ನೋಡುತ್ತಿದ್ದರು. ಇಪ್ಪತ್ತಾರನೆಯದು ಹೇಳಿ ಕಂಡಕ್ಟರು ಸ್ವಲ್ಪ ತಡೆದರು.

"ಆಮೇಲೆ, ಮಗಳ ಜಡೆ."

"ಅದು ಇದಕ್ಕೆ ಯಾಕೆ ಬರುತ್ತೆ? ಸೆಕೆ ಅಂತ ಅವಳಾಗೇ ಹೋಗಿ ಕತ್ತರಿಸ್ಕೊಂಡು ಬಂದಳು."

"ಸೆಕೆ ಎಲ್ಲಿತ್ತು? ಸ್ವೆಟರ್ ಹಾಕ್ಕೊಂಡು ಹೋಗಿದ್ಳು."

ಮಗಳಿಗೆ ಇಪ್ಪತ್ತೇಳು ವರ್ಷ, ಬ್ಯಾಂಕಿನಲ್ಲಿ ಕೆಲಸ. ಸೊಂಟ ದಾಟುವ ಕೂದಲಿತ್ತು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುವುದು ಅವಳಿಗೆ ಶಾಲೆಯ ಕಾಲದ ರೂಢಿಯಾಗಿತ್ತು. ಜಡೆಯ ಕೊನೆ ಬಿಗಿಯುವಾಗ ಮಾಸ್ಟರಮ್ಮ ತುಟಿ ಕಚ್ಚುತ್ತಿದ್ದದ್ದು ಎದುರಿನ ಕನ್ನಡಿಯಲ್ಲಿ ಮಗಳಿಗೆ ಕಾಣುತ್ತಿತ್ತು ಎಂದು ಅವರಿಗೆ ಈಗ ಹೊಳೆಯಿತು. ಕೂದಲು ಭುಜದವರೆಗೆ ಕತ್ತರಿಸಿಕೊಂಡು ಬಂದ ದಿನ ಮನೆ ರಂಪವಾಗಿತ್ತು. ಅಮ್ಮನನ್ನು ಒಂದು ಮಾತು ಕೇಳಬಾರದಿತ್ತಾ, ಯಾರ ಮೇಲಿನ ಸೊಕ್ಕು ಇದು ಎಂದು ಒಂದು ವಾರ ಬೈದಿದ್ದರು. ಮಗಳು ಸೆಕೆ ಎಂದಷ್ಟೇ ಹೇಳಿ ಬೈಸಿಕೊಂಡಿದ್ದಳು.

ಮಾಸ್ಟರಮ್ಮ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತರು. ಈ ಸಲ ಕಣ್ಣಿಗೆ ನೀರು ಬಂದದ್ದಕ್ಕೆ ಯಾರನ್ನೂ ಬೈಯಲಿಲ್ಲ.

"ಗುರುವಾರ ಒಂದು ಜಾಗ ಖಾಲಿ ಇದೆ. ಇಲ್ಲ, ಸೀಸನ್ ಮುಗಿದ ಮೇಲೆ ಅಂದ್ರೆ..." ಎಂದರು ಡಾಕ್ಟರು.

"ಕೈ ಸರಿಯಾಗೋಕೆ ಆರು ತಿಂಗಳು ಅಂದ್ರಿ ಅಲ್ವಾ?"

"ಹೌದು."

"ಕೂದಲು ಮತ್ತೆ ಸೊಂಟದವರೆಗೆ ಬರೋಕೆ ಎಷ್ಟು ದಿನ ಬೇಕು?"

ಡಾಕ್ಟರು ಕೈಯ ಡಾಕ್ಟರು. ಆದರೂ ಯೋಚನೆ ಮಾಡಿ, "ಮೂರು ವರ್ಷ ಆಗಬಹುದು," ಎಂದರು.

"ಹಾಗಾದ್ರೆ ನನ್ನ ಆರು ತಿಂಗಳು ಏನು ಮಹಾ! ಗುರುವಾರ ಬರ್ಕೊಳ್ಳಿ," ಎಂದರು ಮಾಸ್ಟರಮ್ಮ.