ಕೊನೆಗೆ ಇಳಿಯುವ ಹುಡುಗಿ

ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಗೆ ಮನೆಯಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಹಾಗಾಗಿ ಅವಳ ಮಾತೆಲ್ಲ ವ್ಯಾನಿನಲ್ಲೇ ಖರ್ಚಾಗಬೇಕು. "ನಿನ್ನ ಬಾಯಿಗೆ ಬ್ರೇಕೇ ಇಲ್ವಲ್ಲಕ್ಕಾ" ಎಂದು ಡ್ರೈವರ್ ರೇಗಿಸಿದರೆ, "ನಿನ್ನ ವ್ಯಾನಿಗಿದ್ಯಾ?" ಎಂದು ತಿರುಗೇಟು ಕೊಡುತ್ತಿದ್ದಳು.

ಆ ವ್ಯಾನಿನಲ್ಲಿ ಎರಡು ಜಡೆಯ ಒಂದು ಹುಡುಗಿ. ಬಾಯಿ ಮುಚ್ಚದ ಅವಳಿಗೆ ಎಲ್ಲರೂ ರೇಡಿಯೊ ಎಂದೇ ಹೆಸರಿಟ್ಟಿದ್ದರು. ಈಚೆಗೆ ಅವಳ ಸದ್ದಡಗಿತ್ತು. ಮುಂದಿನ ಹಲ್ಲು ಬಿದ್ದಿದೆ, ನಾಚಿಕೆಯಿರಬೇಕು ಅಂದುಕೊಂಡಳು ಆಯಾ. ಒಂದು ದಿನ ಮಗು ಕಿವಿಯಲ್ಲಿ ಕೇಳಿತು: "ಆಯಮ್ಮಾ, ನನ್ನ ಕೊನೇಲಿ ಇಳಿಸ್ತೀಯಾ?"

ಆಯಾ ಹಿರಿಹಿರಿ ಹಿಗ್ಗಿದಳು. ತನ್ನ ಜೊತೆ ಇನ್ನಷ್ಟು ಹೊತ್ತು ಇರಬೇಕು ಅನ್ನುವ ಒಂದು ಜೀವ ಸಿಕ್ಕಿತಲ್ಲ! ಡ್ರೈವರ್ ಗೊಣಗುತ್ತಲೇ ಸುತ್ತು ದಾರಿ ಹಿಡಿದ. ಎಲ್ಲರೂ ಇಳಿದ ಮೇಲೆ ಮಗು ಅವಳ ತೊಡೆಯ ಮೇಲೆ ತಲೆಯಿಡುತ್ತಿತ್ತು. ಆ ಹೊತ್ತಿಗಾಗಿ ಅವಳು ಇಡೀ ದಿನ ಕಾಯುತ್ತಿದ್ದಳು.

ಮಗುವಿನ ಕೈಯನ್ನು ಮನೆಯ ದೊಡ್ಡವರ ಕೈಗೇ ಕೊಡಬೇಕು ಎಂಬುದು ವ್ಯಾನಿನ ಕಟ್ಟುನಿಟ್ಟು. ಅಪ್ಪ ದೂರದೂರಿನಲ್ಲಿ, ಅಮ್ಮ ಬರುವುದು ತಡ. ಗೇಟಿಗೆ ಬರುತ್ತಿದ್ದವನು ಈಚೆಗೆ ಬಂದು ಉಳಿದಿದ್ದ ಚಿಕ್ಕಪ್ಪ, ನಗುಮುಖದವನು. ಆಯಾ ತನ್ನ ಕೈಗೆ ಅಂಟಿಕೊಂಡ ಪುಟ್ಟ ಬೆರಳುಗಳನ್ನು ಬಿಡಿಸಿ ಬಿಡಿಸಿ ಅವನಿಗೆ ಒಪ್ಪಿಸುತ್ತಿದ್ದಳು.

ಒಂದು ಸಂಜೆ ವ್ಯಾನು ಆ ಬೀದಿಗೆ ತಿರುಗಿದ್ದೇ ತಡ, ಮಗು ಕೂತಲ್ಲೇ ಒದ್ದೆ ಮಾಡಿಕೊಂಡಿತು. ಒರೆಸಲು ಬಗ್ಗಿದ ಆಯಾ ಅದರ ಮುಖ ನೋಡಿದಳು. ಕಣ್ಣು ಗೇಟಿನಲ್ಲಿ ನಿಂತವನ ಮೇಲೇ ನೆಟ್ಟಿತ್ತು. ಆಯಾ ತನ್ನನ್ನೇ ಬೈದುಕೊಂಡಳು: ಅಯ್ಯೋ ಪೆದ್ದಿ, ಅದು ನಿನ್ನ ಮೇಲಿನ ಪ್ರೀತಿಯಲ್ಲ, ಆ ಮನೆಯ ಭಯ!

"ನಿಲ್ಲಿಸ್ಬೇಡ. ಸ್ಕೂಲಿಗೆ ತಿರುಗ್ಸು."

"ಯಾಕಕ್ಕಾ? ಅವ್ರು ಅಲ್ಲೇ ನಿಂತಿದಾರಲ್ಲ."

"ಅದಕ್ಕೇ."

ದಾರಿಯಲ್ಲಿ ಅವಳು ಕೆದಕಿ ಕೇಳಲಿಲ್ಲ. "ಹೇಳಿದ್ರೂ ಬೈಯಲ್ಲ, ಹೇಳ್ದಿದ್ರೂ ಬೈಯಲ್ಲ" ಅಂದಳು ಅಷ್ಟೇ. ಮಗು ಅವಳ ಸೆರಗು ಹಿಡಿದುಕೊಂಡು ಹೇಳಿತು: "ಚಿಕ್ಕಪ್ಪ ಬಾಗಿಲು ಹಾಕ್ಕೊಂಡು ಏನೇನೋ ಮಾಡ್ತಾನೆ. ಯಾರಿಗೂ ಹೇಳ್ಬಾರ್ದಂತೆ. ನೀನೂ ಹೇಳ್ಬೇಡ."

"ಆ ಮಾತು ಕೊಡಕ್ಕಾಗಲ್ಲ ಕಂದಾ. ನಿನ್ನ ಕಾಪಾಡೋರಿಗೆ ಮಾತ್ರ ಹೇಳ್ತೀನಿ. ನೀನು ಹೇಳಿದ್ದನ್ನ ನಂಬ್ತೀನಿ. ತಪ್ಪು ನಿಂದಲ್ಲ."

ಹೆಡ್‌ಮಿಸ್ಸು ಇನ್ನೂ ಶಾಲೆಯಲ್ಲೇ ಇದ್ದರು. ಮೊದಲು ಮಕ್ಕಳ ಸಹಾಯವಾಣಿಗೆ, ಆಮೇಲೆ ಅಮ್ಮನಿಗೆ ಫೋನು ಮಾಡಿದರು. ಪೊಲೀಸರು ಅವನನ್ನು ಕರೆದೊಯ್ದರು. ಮಗುವನ್ನು ಅಜ್ಜಿಯ ಊರಿನ ಶಾಲೆಗೆ ಸೇರಿಸುವುದೆಂದಾಯಿತು.

ಕರೆದೊಯ್ಯಲು ಅಜ್ಜಿ ಬಂದ ದಿನ ಆಯಾ ಶಾಲೆಯ ಬಾಗಿಲ ಬಳಿ ಕಾದಿದ್ದಳು, ಹೇಳಲು ಎಷ್ಟೋ ಮಾತಿಟ್ಟುಕೊಂಡು. ಅಜ್ಜಿಯನ್ನು ಕಂಡ ಮಗು ಆಯಾಳ ಪಕ್ಕದಲ್ಲೇ ಹಾದು ಓಡಿಬಿಟ್ಟಿತು. ಒಂದು ಸಲವಾದರೂ ನಿಲ್ಲಬಾರದಿತ್ತೇ ಎಂದು ಅವಳಿಗೆ ಅನಿಸಿತು, ಸುಳ್ಳೇಕೆ. ಮನೆಗೆ ಹೋಗಲು ಹೆದರದ ಮಕ್ಕಳೆಲ್ಲ ಹೀಗೇ ಓಡುತ್ತವೆ; ಆಯಾಳ ಕಡೆ ಯಾವುದೂ ತಿರುಗಿ ನೋಡುವುದಿಲ್ಲ.