ಗುಡ್ಡವ್ವ ಎದ್ದು ಸರಿಯುವಂಥ ದನಿ

"ಅವ್ವಾ, ಚನ್ನೇಶ ಮಾಮಾ ಗಾಡಿ ಜೋಡಿ ಯಾಕ ಮಾತಾಡ್ತಾನ?"

ಇಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಕಾವೇರಿ ಕೇಳಿದಳು. ಅವಳು ಹೇಳಿದ್ದು ಸುಳ್ಳಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನ ಎದುರು, ನಮ್ಮ ಮನೆಯ ಗೋಡೆಗೆ ಹತ್ತಿದಂತೆ ಚನ್ನೇಶಣ್ಣನ ಅಂಗಡಿ ಇದೆ. ಗಾಡಿಗಳ ವೈರಿಂಗ್, ಲೈಟು, ಹಾರ್ನು ಅವನ ಕೆಲಸ. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದವನೇ "ಏನಾತೋ ನಿನಗ, ನಿನ್ನೆ ಚಂದ ಇದ್ದೆಲ್ಲ" ಎಂದು ವಿಚಾರಿಸುತ್ತಾನೆ. ತಮ್ಮನ್ನೇ ಕೇಳಿದನೆಂದು ತಿಳಿದ ಗಿರಾಕಿಗಳು ಮೊಣಕಾಲು ನೋವು, ಸೊಂಟ ನೋವು ಹೇಳಿಕೊಂಡಿದ್ದೂ ಉಂಟು. ಅಷ್ಟು ಮಾತು ತನ್ನ ಜೊತೆ ಆಡಿದ್ದರೆ ತಾನೂ ಯಾವತ್ತೋ ರಿಪೇರಿಯಾಗಿರುತ್ತಿದ್ದೆ ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅವನ ಹೆಂಡತಿ ಮೀನಾಕ್ಷಿ ಚುಚ್ಚುತ್ತಾಳೆ.

ದಾರಿಯಲ್ಲಿ ಮಗಳಿಗೆ ಸ್ವಲ್ಪ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಚನ್ನೇಶಣ್ಣ ಮೋಟೆಬೆನ್ನೂರಿನವನು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಚಿಗವ್ವ, ಅಂದರೆ ಚಿಕ್ಕಮ್ಮ, ಗುಡ್ಡವ್ವ. ಕೇಬಲ್ ಟಿವಿ ಬಂದ ಹೊಸತರಲ್ಲಿ ಹೆದ್ದಾರಿಯ ಬದಿಯ ಖಾನಾವಳಿಯಲ್ಲಿ ಲಾರಿಯವರಿಗೆಂದು ಒಂದು ಟಿವಿ ಇಟ್ಟಿದ್ದರಂತೆ. ಅದರಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಕಪ್ಪು ಕಾರು, ಅದರ ಮೂತಿಯಲ್ಲಿ ಅತ್ತಿಂದಿತ್ತ ಓಡಾಡುವ ಕೆಂಪು ದೀಪ. ಕಳ್ಳರ ಬೆನ್ನು ಹತ್ತುತ್ತದೆ, ಅಡ್ಡ ಬಂದದ್ದನ್ನು ಹಾರುತ್ತದೆ, ಒಡೆಯ ಕರೆದರೆ ಡ್ರೈವರ್ ಇಲ್ಲದೆಯೂ ಬಂದು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಮಾತಾಡುತ್ತದೆ.

ಏನು ಮಾತಾಡುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಚನ್ನೇಶಣ್ಣನೇ ಊಹಿಸಿ ಗೆಳೆಯರಿಗೆ ಹೇಳುವ ಕೆಲಸ ಹಿಡಿದ. ತನ್ನ ಬಗ್ಗೆ ಕಾಳಜಿ ಇರುವವರು ಹೇಗೆ ಮಾತಾಡುತ್ತಾರೆ ಎಂಬುದಕ್ಕೆ ಅವನಿಗೆ ಗೊತ್ತಿದ್ದದ್ದು ಗುಡ್ಡವ್ವನ ಮಾತೊಂದೇ. ಕಳ್ಳರ ಅಡ್ಡೆಯಿಂದ ನಾಯಕ ಹೊರಗೆ ಬಂದರೆ ಕಾರು "ಎಲ್ಲಿ ಹೋಗೀದಿ ಇಷ್ಟೊತ್ತು, ಉಂಡೀಯೋ ಇಲ್ಲೋ" ಎನ್ನುತ್ತಿತ್ತು. ಗುಂಡು ಹಾರಿದರೆ "ತಲಿ ಬಗ್ಗಸೋ ಖೋಡಿ" ಎಂದು ಬೈಯುತ್ತಿತ್ತು. ಅಮೆರಿಕದ ಕಾರು ಹೀಗೇ ಮಾತಾಡುತ್ತದೆಂದು ಒಂದು ಓಣಿಯ ಹುಡುಗರೆಲ್ಲ ನಂಬಿ ಬೆಳೆದರು. ಮುಂದೆ ಅದನ್ನೇ ಹಿಂದಿಯಲ್ಲಿ ನೋಡಿದಾಗ ಚನ್ನೇಶಣ್ಣನಿಗೆ ಬಹಳ ಬೇಸರವಾಯಿತಂತೆ. ಅದರ ಮಾತು ಬ್ಯಾಂಕಿನ ಸಾಹೇಬರ ಮಾತಿನಂತೆ ಮೆತ್ತಗೆ, ತೂಗಿ ತೂಗಿ ಬರುತ್ತಿತ್ತಂತೆ.

ಆದರೂ ಹುಚ್ಚು ಬಿಡಲಿಲ್ಲ. ಹತ್ತನೇ ತರಗತಿ ಮುಗಿಸಿ ಹಾವೇರಿಗೆ ಹೋಗಿ ಬ್ಯಾಟರಿ ಮಿಸ್ತ್ರಿ ಕಾಸೀಮಸಾಬರ ಎದುರು ನಿಂತ. ಯಾಕೆ ಬಂದೆ ಎಂದು ಕೇಳಿದರೆ ಮಾತಾಡುವ ಗಾಡಿ ಮಾಡುವುದನ್ನು ಕಲಿಯಬೇಕು ಎಂದ. ಕಾಸೀಮಸಾಬರು ನಗಲಿಲ್ಲ. "ಮೊದಲ ಹಾರ್ನ್ ಕೂಗಸೂದು ಕಲಿ" ಎಂದು ಕೈಗೆ ಟೆಸ್ಟ್ ಲ್ಯಾಂಪ್ ಕೊಟ್ಟರು. ಅಲ್ಲಿ ಕಲಿತು, ಬ್ಯಾಡಗಿಗೆ ಬಂದು ಸ್ವಂತ ಅಂಗಡಿ ತೆರೆದ. ಇಂದು ಮಾರುಕಟ್ಟೆಗೆ ಬರುವ ಗಾಡಿಗಳಲ್ಲಿ ಅವನ ಕೈ ತಾಗದ ಗಾಡಿ ಸಿಗುವುದು ಕಷ್ಟ.

ಹೋದ ಸುಗ್ಗಿಯಲ್ಲಿ ಅದೇ ಮಾರುಕಟ್ಟೆಯಲ್ಲಿ ಗುಡ್ಡವ್ವನ ಕಾಲಿನ ಮೇಲೆ ಗಾಡಿ ಹತ್ತಿತು.

ಅವಳು ವರ್ಷಗಳಿಂದ ಅಲ್ಲಿ ಕಾಯಿಯ ತೊಟ್ಟು ಬಿಡಿಸಲು ಕೂರುತ್ತಾಳೆ. ಹೆಣ್ಣುಮಕ್ಕಳೆಲ್ಲ ಘಾಟಿಗೆ ಮೂಗು, ಬಾಯಿ, ಕಿವಿ ಸೇರಿಸಿ ಸೆರಗು ಬಿಗಿದುಕೊಂಡು ರಾಶಿಯ ಸುತ್ತ ಕೂತಿರುತ್ತಾರೆ. ಹಿಂದಕ್ಕೆ ಬರುವ ಗಾಡಿಗಳೆಲ್ಲ ಒಂದೇ ಸಮ ಪೀಂ ಪೀಂ ಎನ್ನುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಅವತ್ತಿನ ಗಾಡಿಯೂ ಕೂಗಿತ್ತು. ಆ ಪೀಂ ಪೀಂ ಕೂಡಿಸಿದವನು ಚನ್ನೇಶಣ್ಣನೇ. ಅದರಲ್ಲಿ ಏನೂ ತಪ್ಪಿರಲಿಲ್ಲ ಎಂಬುದೇ ಅವನನ್ನು ಕೊರೆಯಿತು.

ಕಾಲಿನ ಮುರಿದ ಬೆರಳುಗಳು ಕೂಡಿಕೊಂಡವು, ನಡಿಗೆ ಮಾತ್ರ ಸ್ವಲ್ಪ ಓರೆಯಾಯಿತು. ಈ ಸುಗ್ಗಿಗೆ ಮನೆಯಲ್ಲಿರು ಎಂದರೆ ಗುಡ್ಡವ್ವ ಒಪ್ಪಲಿಲ್ಲ. "ಮನ್ಯಾಗ ಕುಂತ್ರ ನನಗ ಮಾತಾಡ್ಸಾಕ ಯಾರ ಬರ್ತಾರ, ನಿನ್ನ ಗಾಡಿ ಬರ್ತಾವೇನು" ಎಂದಳು.

ಚನ್ನೇಶಣ್ಣ ವಾದ ಮಾಡಲಿಲ್ಲ. ಚಿಗವ್ವನನ್ನು ಬದಲಿಸುವುದಕ್ಕಿಂತ ಗಾಡಿಗಳನ್ನು ಬದಲಿಸುವುದು ಸಲೀಸು ಎಂದು ನನಗೆ ಹೇಳಿದ. ರಾಣೇಬೆನ್ನೂರಿಗೆ ಹೋಗಿ, ನಾವೇ ಮಾತು ತುಂಬಿಸಬಹುದಾದ ಸಣ್ಣ ಸ್ಪೀಕರುಗಳನ್ನು ತಂದ. ಗಾಡಿಯನ್ನು ಹಿಂದಕ್ಕೆ ಬಿಟ್ಟರೆ ಅದು ಮನುಷ್ಯರ ದನಿಯಲ್ಲಿ ಎಚ್ಚರಿಸಬೇಕು. ದಲಾಲಿ ಅಂಗಡಿಯ ಮನೋಹರ ಸಾವಕಾರ್ರು ಒಂದು ಗಾಡಿ ಕೊಟ್ಟರು. ಹೆಣ್ಣುಮಕ್ಕಳು ಎದ್ದು ಸರಿದರೆ ತಮ್ಮ ಎಲ್ಲ ಗಾಡಿಗಳಿಗೂ ಹಾಕಿಸುವುದು, ಇಲ್ಲವಾದರೆ ಮೊದಲಿನ ಪೀಂ ಪೀಂ ಇದ್ದೇ ಇದೆ ಎಂಬ ಮಾತಾಯಿತು.

ಮೊದಲು ತನ್ನದೇ ದನಿ ಹಾಕಿದ. "ಹಿಂದ ಸರೀರಿ, ಗಾಡಿ ಬರಾಕತ್ತೈತಿ." ಡ್ರೈವರುಗಳ ಕೂಗಾಟಕ್ಕೆ ಒಗ್ಗಿದ ಹೆಣ್ಣುಮಕ್ಕಳು ತಲೆ ಎತ್ತಲಿಲ್ಲ. ಒಬ್ಬಳು ಕೂತಲ್ಲಿಂದಲೇ "ಬರ್ಲಿ ಬಿಡಪಾ, ನಾವೇನು ಆರತಿ ಹಿಡ್ಕೊಂಡು ನಿಂದರೂಣೇನು" ಎಂದಳು. ಸಾಲಿಗೆ ಸಾಲೇ ನಕ್ಕಿತು, ಯಾರೂ ಏಳಲಿಲ್ಲ.

ಗಂಡಸರ ಮಾತು ಕೇಳುವುದಿಲ್ಲವೆಂದು ಆಮೇಲೆ ಚೌಡವ್ವನನ್ನು ಹಿಡಿದ. ಆಕೆ ಆ ಹೆಣ್ಣುಮಕ್ಕಳ ಮುಖಂಡಳು, ಅವಳ ಮಾತು ಮೀರುವವರಿಲ್ಲ. "ಏಳ್ರಬೇ, ಲಗೂ ಏಳ್ರಿ" ಎಂದು ಚೌಡವ್ವ ಗತ್ತಿನಿಂದ ಹೇಳಿ ದನಿ ತುಂಬಿಸಿದಳು. ಗಾಡಿ ಹಿಂದಕ್ಕೆ ಹೊರಟು ಆ ದನಿ ಬಂದದ್ದೇ ತಡ, ಎಲ್ಲರೂ ಎದ್ದರು. ಎದ್ದು ಬುಟ್ಟಿ ಹೊತ್ತು ನೇರ ಗಾಡಿಯ ಬೆನ್ನಿಗೇ ಬಂದರು. ಚೌಡವ್ವ ಹಾಗೆ ಕರೆಯುವುದು ಬಿಡಿಸಿದ ಕಾಯಿ ತೂಗುವ ಹೊತ್ತಿಗೆ. ಮುಂದೆ ನಿಂತವರ ಬುಟ್ಟಿ ಮೊದಲು ತೂಕಕ್ಕೆ ಹೋಗುತ್ತದೆ. ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮನೋಹರ ಸಾವಕಾರ್ರು ಮಾತ್ರ, "ಓಡಸಾಕ ಅಂತ ಹಾಕಿದ್ದು ಬೀಗರನ್ನ ಕರದ್ಹಂಗ ಕರೀತಲ್ಲೋ ಚನ್ನೇಶಾ" ಎಂದರು. ಇನ್ನೊಂದು ಸಲ ಮಾತ್ರ ನೋಡೋಣ ಎಂದೂ ಸೇರಿಸಿದರು.

ಅಷ್ಟರಲ್ಲಿ ಗುಡ್ಡವ್ವ ಕೆಲಸಕ್ಕೆ ಬಂದೇಬಿಟ್ಟಳು. ಅವಳು ಗೇಟಿನೊಳಗೆ ಹೋದಾಗಿನಿಂದ ಹೊರಬರುವವರೆಗೆ ಚನ್ನೇಶಣ್ಣನ ಅರ್ಧ ಕಣ್ಣು ಆ ಕಡೆಯೇ.

ಮೊನ್ನೆ ಊಟದ ಹೊತ್ತು. ಗುಡ್ಡವ್ವ ಮತ್ತು ಅವಳ ಜೊತೆಯವರು ಅಂಗಡಿಯ ನೆರಳಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಅವರಿಂದಾಚೆ ರಸ್ತೆಯ ಅಂಚಿನಲ್ಲಿ ಕಾವೇರಿ ಕುಕ್ಕರಗಾಲಲ್ಲಿ ಕೂತು ಬಿದ್ದ ವಾಷರ್ ಆರಿಸುತ್ತಿದ್ದಳು. ಟ್ರ್ಯಾಕ್ಟರೊಂದು ತನ್ನ ಟ್ರೇಲರನ್ನು ಹಿಂದಕ್ಕೆ ತರುವುದು ಹೊಸ್ತಿಲಲ್ಲಿದ್ದ ನನಗೆ ಕಂಡಿತು. "ಕಾವೇರೀ, ಹಿಂದ ಸರಿ, ಗಾಲಿ ಬಂತು" ಎಂದು ಕೂಗಿದೆ. ಅವಳು ಜಿಗಿದು ನನ್ನತ್ತ ಬಂದಳು. ಆದರೆ ಟ್ರೇಲರಿನ ದಾರಿಯಲ್ಲೇ ಇಲ್ಲದ ಆ ಹೆಣ್ಣುಮಕ್ಕಳೂ ಕೈಯಲ್ಲಿ ತುತ್ತು ಹಿಡಿದುಕೊಂಡೇ ಎದ್ದು ಗೋಡೆಗೆ ಅಂಟಿ ನಿಂತಿದ್ದರು. ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದವಳು ಓರೆ ಕಾಲಿನ ಗುಡ್ಡವ್ವ.

ಚನ್ನೇಶಣ್ಣ ಕೈಯಲ್ಲಿ ಇಕ್ಕಳ ಹಿಡಿದು ಅವರನ್ನೇ ನೋಡುತ್ತಿದ್ದ. ನೀ ಯಾಕೆ ಎದ್ದೆ ಎಂದು ಚಿಗವ್ವನನ್ನು ಕೇಳಿದ.

"ಯಾರಿಗೆ ಗೊತ್ತಪಾ. ಕೂಸು ಎಲ್ಲೈತಿ ಅಂತ ನೋಡಾಕ ಎದ್ದೆ" ಎಂದು ಗುಡ್ಡವ್ವ ಮತ್ತೆ ರೊಟ್ಟಿಗೆ ಕೂತಳು.

ಇಂದು ಸಂಜೆ ಚನ್ನೇಶಣ್ಣ ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದ. ಮೊನ್ನೆ ಕಾವೇರಿಯನ್ನು ಕೂಗಿದ ಮಾತನ್ನೇ ಇದರಲ್ಲಿ ಹೇಳು ಎಂದ. ನಾನು ಒಲೆ ಸಣ್ಣ ಮಾಡಿ, ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದೆ. ಅವನು ಕೇಳಿಸಿಕೊಂಡು ಇದಲ್ಲವೆಂದು ತಲೆಯಾಡಿಸಿದ. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳಿದ ಹಾಗಾಯಿತಂತೆ. ಜೋರಾಗಿ ಹೇಳಿದೆ, ಅದು ನೆರೆಮನೆಯವರ ಜೊತೆ ಜಗಳದಂತೆ ಕೇಳಿಸಿತು. ಪಕ್ಕದಲ್ಲಿ ಅಕ್ಷರ ಬರೆಯುತ್ತಿದ್ದ ಕಾವೇರಿ ಎರಡಕ್ಕೂ ತಲೆ ಎತ್ತಲಿಲ್ಲ. ಚನ್ನೇಶಣ್ಣ ಅವಳನ್ನೊಮ್ಮೆ ನೋಡಿದ, ಬಳಿಕ ನನ್ನನ್ನು.

"ತಂಗೀ, ಒಂದ ಉಪಕಾರ ಮಾಡಬೇಕು. ನಾಳೆ ಕೂಸಿನ್ನ ಅಂಗಡಿ ಮುಂದ ಆಡಾಕ ಬಿಡು. ಆಕಿ ಕಡೆ ಗಾಡಿ ಹಿಂದಕ್ಕ ನಾನ ತರ್ತೇನಿ, ಮತ್ತೊಬ್ಬರ ಕೈಗೆ ಕೊಡೂದಿಲ್ಲ. ಅಂಗಡಿ ಉದ್ದ ಜಾಗ ಬಿಟ್ಟು ನಿಲ್ಲಸ್ತೇನಿ. ಮೊಬೈಲ್ ನಿನ್ನ ಬಾಜೂಕ ಚಾಲೂ ಇಟ್ಟಿರ್ತೇನಿ, ನೀ ಅದನ್ನ ನೋಡಬ್ಯಾಡ, ನನ್ನ ನೋಡಬ್ಯಾಡ. ಆಕಿನ್ನ ನೋಡಿ ಕರಿ."